ಬೆಚ್ಚಗಿರುವ ತನಕ

ನಾನು ಟೈಟಾನಿಯಂ ಕೊಳವೆಯ ಒಂದು ಬೆಸುಗೆ. ಮೊದಲು ನಾನು ಎರಡು ತುಂಡಾಗಿದ್ದೆ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಗರಗಸ ಕತ್ತರಿಸಿ ಬಿಟ್ಟ ಬೆರಳುದ್ದದ ಚೂರುಗಳು; ಗುಜರಿ ಡಬ್ಬಿಯೇ ತೊಟ್ಟಿಲು. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಕಸ್ತೂರಿ.

ಆಕೆ ಅಲ್ಲಿ ಕಸ ಗುಡಿಸುತ್ತಿದ್ದಳು. ಗಂಡ ಶಿವಲಿಂಗ ಅಲ್ಲಿಯೇ ವೆಲ್ಡರ್ ಆಗಿದ್ದ. ಅವನು ಕಾಮಾಲೆಯಿಂದ ತೀರಿಕೊಂಡ ಮೇಲೆ ಆಕೆಯ ಕೈಗೆ ಪೊರಕೆ ಬಂದಿತ್ತು. ಟೈಟಾನಿಯಂ ಬೆಸೆಯುವ ಪರೀಕ್ಷೆ ಗೆದ್ದರೆ ಗಂಡನ ಮೇಜು ಆಕೆಯದು. ಸೋತರೆ ಅದೇ ಪೊರಕೆ. ಕಲಿಸುವವರು ಹಿರಿಯ ವೆಲ್ಡರ್ ದಾವಲಸಾಬರು.

ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ಕಸ್ತೂರಿ ನನ್ನನ್ನು ಮಗುವಿನ ಮುಖ ಒರೆಸುವಂತೆ ಒರೆಸಿದಳು. ವೆಲ್ಡಿಂಗ್ ಮುಖವಾಡವನ್ನು ಮುಖದ ಮೇಲೆ ಇಳಿಸಿ, ಬೆಸೆಯುವ ಟಾರ್ಚ್ ಹಿಡಿದಳು. ಉರಿಯಲ್ಲಿ ನನ್ನ ಎರಡು ತುಂಡುಗಳು ಒಂದಾದವು. ಬೆಂಕಿ ಆರಿದ್ದೇ ತಡ, ಆಕೆ ಕೈ ತೆಗೆದು ಬಗ್ಗಿ ನೋಡಿದಳು.

"ಚಾಚಾ, ನೋಡ್ರಿ! ನವಿಲಿನ ಕುತ್ತಿಗಿ ಬಣ್ಣ ಬಂದೈತಿ!"

"ಸೀರಿ ಅಂಚಾಗಿದ್ರ ಚಂದ ಇರತಿತ್ತವ್ವಾ," ದಾವಲಸಾಬರು ನಕ್ಕರು. "ಇದು ಕೆಟ್ಟೈತಿ. ಬೆಳ್ಳಿಯಂಗ ಹೊಳೀಬೇಕು. ಬೆಂಕಿ ಆರಿದ್ರೂ ಟಾರ್ಚಿನಿಂದ ಗ್ಯಾಸ್ ಬರ್ತಿರತೈತಿ. ಬಿಸಿ ಇರೋತನಕ ಗಾಳಿ ಸೋಕದಂಗ ಅದು ಕಾಯತೈತಿ. ನೀ ನೋಡಿದ್ರ, ಹಾಲು ಉಕ್ಕಿತೇನೋ ಅನ್ನೋಹಂಗ ಕೈ ತಗದ ಎದ್ದ ಬಿಡ್ತಿ!"

ನನ್ನ ನಂತರ ಎಷ್ಟೋ ಚೂರುಗಳು ನೀಲಿಯಾದವು. ಅದೇ ತಪ್ಪು. ಪರೀಕ್ಷೆಯ ಹಿಂದಿನ ದಿನ ದಾವಲಸಾಬರಿಗೂ ಸಿಟ್ಟು ಬಂತು.

"ಆರಿದ ಮ್ಯಾಲ ಕೈ ನಿಲ್ಲಂಗಿಲ್ಲಲ್ಲ, ಯಾಕ?"

ಆಕೆ ಮುಖವಾಡ ಎತ್ತಲಿಲ್ಲ. ಅದರ ಒಳಗಿನಿಂದಲೇ ಹೇಳಿದಳು: "ಅವರ ಉಸಿರು ನಿಂತ ಕೂಡ್ಲೇ, ಬಳಿ ಒಡೀಬೇಕಂತ ನನ್ನ ಎಬ್ಬಿಸಿಬಿಟ್ರು ಚಾಚಾ. ಅವರ ಕೈ ಇನ್ನೂ ಬೆಚ್ಚಗಿತ್ತು. ಇನ್ನೊಂಚೂರು ಹಿಡಕೊಂಡ ಕುಂದ್ರತಿದ್ದೆ."

ದಾವಲಸಾಬರು ಟಾರ್ಚನ್ನು ತಮ್ಮ ರುಮಾಲಿನಿಂದ ಒರೆಸಿ ಆಕೆಯ ಕೈಗಿಟ್ಟರು. "ಇಲ್ಲಿ ನಿನ್ನ ಯಾರೂ ಎಬ್ಬಿಸಂಗಿಲ್ಲ, ಮಗಳ."

ಮರುದಿನ ಪರೀಕ್ಷೆಯಲ್ಲಿ ಬೆಸೆದು ಮುಗಿದು ಬೆಂಕಿ ಆರಿತು. ಕಸ್ತೂರಿಯ ಕೈ ಅಲುಗಲಿಲ್ಲ. ಗ್ಯಾಸಿನ ಸುಯ್ಯೆನ್ನುವ ಸದ್ದು ತಾನಾಗಿ ನಿಲ್ಲುವ ತನಕ ಹಾಗೆಯೇ ಕುಳಿತಿದ್ದಳು. ಬೆಸುಗೆ ಬೆಳ್ಳಿಯಂತೆ ಹೊಳೆಯಿತು. ಪರೀಕ್ಷಕರು ಅದನ್ನು ಸೀಳಿ, ಬಾಗಿಸಿ ನೋಡಿದರು. ಬಿರುಕು ಬಿಡಲಿಲ್ಲ. ಮೇಜು ಆಕೆಯದಾಯಿತು. ಬಾಗಿದ ಆ ಬೆಳ್ಳಿ ತುಂಡು ಗುಜರಿಗೆ ಹೋಯಿತು.

ಕೆಟ್ಟ ನಾನು ಉಳಿದೆ. ಖಾಕಿ ಅಂಗಿಯ ಜೇಬಿನಲ್ಲಿ ಆಕೆಯ ಮನೆಗೆ ಬಂದು, ಶಿವಲಿಂಗನ ಫೋಟೋದ ಪಕ್ಕ ಕುಳಿತೆ. ಈಗ ಆಕೆಯ ಕೂದಲು ನರೆತಿದೆ. ನನ್ನ ನೀಲಿಯೂ ಸವೆದಿದೆ. ಸಂಜೆ ಕೆಲಸದಿಂದ ಬಂದು, ಕೈ ತೊಳೆದು, ನನ್ನನ್ನು ಅಂಗೈಯೊಳಗೆ ಮುಚ್ಚಿ ಹಿಡಿದು ಕೂರುತ್ತಾಳೆ. ನಾನು ತಣ್ಣಗಾಗಿ ವರ್ಷಗಳೇ ಕಳೆದವು. ಅವಳ ಅಂಗೈಯಿಂದ ಮತ್ತೆ ಬೆಚ್ಚಗಾಗುತ್ತೇನೆ. ಆಕೆ ಕೈ ತೆಗೆಯುವುದಿಲ್ಲ.