ಸೀಳದ ಮಡಿಕೆ

ತಗಡಿನ ಮುಚ್ಚಳ ಮತ್ತೆ ಸದ್ದು ಮಾಡಿತು, ಇದು ಎರಡನೆಯ ಸಲ, ಮೊದಲ ಸಲ ಗಾಳಿಯಿರಬೇಕು ಅಂದುಕೊಂಡೆ, ಆದರೆ ಗಾಳಿ ಡಬ್ಬಿಯೊಳಗೆ ಹೀಗೆ ಧೊಪ್ಪೆಂದು ಬೀಳುವುದಿಲ್ಲ, ಬಿದ್ದದ್ದು ಪುಸ್ತಕವೇ, ಇವತ್ತು ವಾರದ ರಜೆ, ಗ್ರಂಥಾಲಯದಲ್ಲಿ ನಾನೊಬ್ಬಳೇ, ಹಿಂಗೋಡೆಯ ಕಿಂಡಿಯಿಂದ ಯಾರು ಬೇಕಾದರೂ ಪುಸ್ತಕ ಹಿಂದಿರುಗಿಸಿ ಹೋಗಬಹುದು, ಹೋಗಲಿ, ನಾನು ಬಂದಿರುವುದು ಬೋರ್ಡು ಬರೆಯಲಿಕ್ಕೆ, ‘ಈ ತಿಂಗಳ ಮೂರು’, ಒಂದು ಕಾದಂಬರಿ, ಒಂದು ತತ್ವ, ಒಂದು ನಂಬಿಕೆಯ ಪುಸ್ತಕ, ಸೀಮೆಸುಣ್ಣ ಕೈಯಲ್ಲೇ ಕರಗುತ್ತಿದೆ, ಒಂದು ಅಕ್ಷರವೂ ಆಗಿಲ್ಲ — ಮೂರನೆಯದು ಬೀಳಲಿಲ್ಲ, ಎರಡು ಬಿದ್ದಮೇಲೆ ಮೂರನೆಯದೂ ಬೀಳಬೇಕು ಅಂತ ನನಗೇಕೆ ಅನ್ನಿಸುತ್ತಿದೆ, ಗೊತ್ತು, ಏಕೆ ಎಂದು ಗೊತ್ತು, ತಿರುಗಿ ನೋಡಿದೆ, ಕಿಂಡಿಯಲ್ಲಿ ನಾಲ್ಕು ಬೆರಳುಗಳಿವೆ, ಬರೀ ಬೆರಳುಗಳು, ಹೊರಗಿನಿಂದ ಬಂದು ತಗಡಿನ ಅಂಚನ್ನು ಸವರಿಕೊಂಡು ಹೋಗುತ್ತಿವೆ, ಆ ತುದಿಯಿಂದ ಈ ತುದಿಗೆ, ಯಾರೋ ಒಬ್ಬರ ಮುಖವನ್ನು ಮುಟ್ಟಿ ಗುರುತು ಹಿಡಿಯುವ ಹಾಗೆ, ಆಮೇಲೆ ಬೆರಳು ಹಿಂದಕ್ಕೆ ಸರಿದವು, ಮೂರನೆಯ ಪುಸ್ತಕ ನಿಧಾನವಾಗಿ ಒಳಗೆ ಬಂತು, ಬೀಳಲು ಮನಸ್ಸಿಲ್ಲದಂತೆ ಅರ್ಧದಲ್ಲಿ ನಿಂತಿತು, ಬಿತ್ತು.

ಬೆಳಿಗ್ಗೆ ಕನ್ನಡಕದ ಮಾಮನ ಮಗಳು ಫೋನು ಮಾಡಿದ್ದಳು, ಅಕ್ಕಾ, ಅಪ್ಪಂಗೆ ಆಪರೇಷನ್ ಕೈಗೂಡ್ಲಿಲ್ಲ, ಹತ್ತು ದಿನ ಆಯ್ತು, ಈಗ ಏನೇನೂ ಕಾಣ್ಸಲ್ಲ, ಇವತ್ತು ನಾಲ್ಕು ಗಂಟೆಗೆ ನಿಮ್ಮತ್ರ ಬರ್ಬೇಕಂತೆ, ರಜಾ ಅಂದ್ರೂ ಕೇಳ್ತಿಲ್ಲ, ಅವ್ಳು ರಜಾ ದಿನಾನೇ ಬೋರ್ಡು ಬರೆಯೋದು ಅಂತಾರೆ, ಆ ತತ್ವದ ಪುಸ್ತಕದ ಕೊನೆಯಲ್ಲಿ ಏನಿದೆ ಅಂತ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ, ನೀವು ಹೇಗೂ ಪೂರ್ತಿ ಓದಿದ್ದೀರಲ್ಲ. ಓದಿದ್ದೀರಲ್ಲ. ನಾನು ಹೂಂ ಅಂದೆ, ಅಂದೇಬಿಟ್ಟೆ, ಹೂಂ ಅನ್ನುವುದು ಎಷ್ಟು ಸುಲಭ. ಗಡಿಯಾರದಲ್ಲಿ ಮೂರೂ ಮುಕ್ಕಾಲು. ಡಬ್ಬಿಯ ಬೀಗ ತೆಗೆಯುವಾಗ ಹೊರಗೆ ಕೋಲಿನ ಸದ್ದು ಶುರುವಾಯಿತು, ಟಕ್, ಟಕ್, ಹಿಂಗೋಡೆಯಿಂದ ಮುಂಬಾಗಿಲಿಗೆ ಬರಬೇಕಾದರೆ ಕಟ್ಟಡವನ್ನು ಸುತ್ತಬೇಕು, ಪಕ್ಕದ ಗೋಡೆಗೆ ಐದು ಕಿಟಕಿ, ಈಗ ಮೊದಲನೆಯ ಕಿಟಕಿ ಇರಬೇಕು, ಕೈಗೆ ಪುಸ್ತಕ ಕೊಡುವುದನ್ನು ಬಿಟ್ಟು ಡಬ್ಬಿಗೇಕೆ ಹಾಕಿದರು, ಹೇಗೂ ಒಳಗೆ ಬರುತ್ತಿದ್ದಾರಲ್ಲ.

ಕನ್ನಡಕದ ಮಾಮ, ಮೂವತ್ತು ವರ್ಷದಿಂದ ಹಾಗೇ ಕರೆಯುತ್ತಿದ್ದೇನೆ, ನನ್ನ ಮೂಗಿನ ಮೇಲೆ ಈಗಿರುವ ಗಾಜನ್ನೂ ಅವರೇ ಉಜ್ಜಿ ಕೊಟ್ಟದ್ದು, ಅವರು ಕಾಣದ ಜಗತ್ತನ್ನು ನಾನು ಅವರ ಗಾಜಿನಿಂದಲೇ ಕಾಣುತ್ತಿದ್ದೇನೆ ಅನ್ನಿಸಿ ಕನ್ನಡಕ ತೆಗೆದೆ, ಕಪಾಟುಗಳೆಲ್ಲ ಕರಗಿ ಒಂದಾದವು, ಮತ್ತೆ ಹಾಕಿಕೊಂಡೆ. ಹೋದ ತಿಂಗಳು ಬಂದು ಈ ಮೇಜಿಗೆ ಒರಗಿ ನಿಂತಿದ್ದರು, ಕಣ್ಣಿನ ನರ ಒಣಗ್ತಾ ಇದೆಯಂತೆ, ಆಪರೇಷನ್ನಿಗೆ ಇನ್ನು ಇಪ್ಪತ್ತು ದಿನ, ಆಮೇಲೆ ಕಂಡ್ರೆ ಕಂಡ್ತು, ಮೂರು ಪುಸ್ತಕ ಆರಿಸಿಕೊಡು ಪುಟ್ಟಿ, ಒಂದು ಕಥೆ, ಒಂದು ತತ್ವ, ಒಂದು ದೇವರಿಗೆ ಸಂಬಂಧಪಟ್ಟಿದ್ದು, ಇವೇ ನನ್ನ ಕೊನೇ ಮೂರು ಆಗಬಹುದು, ಅದಕ್ಕೇ ಮೂತಿ ಸಣ್ಣ ಮಾಡ್ಬೇಡ, ನಿನ್ನ ಬೋರ್ಡಲ್ಲಿರೋದನ್ನೇ ಕೊಡು, ನೀನು ಓದದೆ ಹೇಳೋಳಲ್ಲ. ಕೊಟ್ಟೆ. ಕಾದಂಬರಿ, ಅಂಚೆ ಕಚೇರಿಯಲ್ಲಿ ಕಾಗದಗಳನ್ನು ತೂಗಿ ತೂಗಿ ಯಾವುದರಲ್ಲಿ ಸಾವಿನ ಸುದ್ದಿಯಿದೆ ಎಂದು ಕೈಯಲ್ಲೇ ಹೇಳುವ ಹೆಂಗಸಿನದು, ಎರಡು ಸಲ ಓದಿದ್ದೆ. ಪ್ರಾರ್ಥನೆ ಮರೆತುಹೋದ ಮುದಿ ಗುರುವೊಬ್ಬನ ದಿನಚರಿ, ದೇವರ ಹೆಸರು ಒಂದು ಕಡೆಯೂ ಬರುವುದಿಲ್ಲ, ಮುಚ್ಚಿಟ್ಟಮೇಲೆ ಕೋಣೆಯಲ್ಲಿ ಇನ್ನೊಬ್ಬರಿದ್ದ ಹಾಗಾಗುತ್ತದೆ, ಅದನ್ನೂ ಓದಿದ್ದೆ, ಆಣೆಗೂ ಓದಿದ್ದೆ. ಮೂರನೆಯದು — ಮೂರನೆಯದು ನೋಡುವುದೆಂದರೇನು ಎಂಬುದರ ಮೇಲೆ ಬರೆದದ್ದು, ಕುರುಡಾಗುತ್ತಿರುವವರಿಗೆ ಕಣ್ಣಿನ ತತ್ವ, ಎಂಥ ಬುದ್ಧಿ ನನ್ನದು, ಹಳೆಯ ಪುಸ್ತಕ, ಅಂಚು ಕತ್ತರಿಸದೆ ಹೊಲಿದದ್ದು, ಎರಡೆರಡು ಹಾಳೆ ಹೊರ ಅಂಚಿನಲ್ಲಿ ಕೂಡಿಕೊಂಡೇ ಇರುತ್ತವೆ, ಓದುವವರು ಸ್ಕೇಲು ತೂರಿಸಿ ಮಡಿಕೆ ಸೀಳಿಕೊಂಡು ಮುಂದೆ ಹೋಗಬೇಕು, ನಾನು ಅರವತ್ತನಾಲ್ಕನೆಯ ಪುಟದವರೆಗೆ ಸೀಳಿದ್ದೆ, ಮುಂದೆ ತಲೆಗೆ ಹತ್ತಲಿಲ್ಲ, ಹತ್ತಲಿಲ್ಲವೆಂದು ಯಾರ ಹತ್ತಿರ ಹೇಳಲಿ, ಸಂಜೆ ಕಾಲೇಜಿನಲ್ಲಿ ಸಾರಾಂಶ ಉರುಹೊಡೆದು ಪಾಸಾದವಳು, ಹಗಲೆಲ್ಲ ರಟ್ಟಿನ ಪೆಟ್ಟಿಗೆ ಅಂಟಿಸಿ ಸಂಜೆ ಬೆಂಚಿನ ಮೇಲೆ ತೂಕಡಿಸಿದವಳು, ಅಕ್ಕ ನಗುತ್ತಾಳೆ, ಸಾರಿಗೆ ಉಪ್ಪು ಹಾಕೋಕೆ ಮೂರು ಸಲ ಕೇಳೋಳು ನೀನು, ಜನಕ್ಕೆ ಫಿಲಾಸಫಿ ಹೇಳ್ತೀಯೇನೇ. ನಮ್ಮ ಹಿರಿಯ ಗ್ರಂಥಪಾಲಕರದು ಒಂದೇ ಕಟ್ಟಳೆ, ಬೋರ್ಡಿಗೆ ಬರುವ ಪುಸ್ತಕದ ಒಳರಟ್ಟಿಗೆ ಚೀಟಿ ಅಂಟಿಸಬೇಕು, ‘ಪೂರ್ತಿ ಓದಿ ಹೇಳುತ್ತಿದ್ದೇನೆ’, ಕೆಳಗೆ ಸಹಿ, ಬೆನ್ನುಡಿ ನೋಡಿ ಶಿಫಾರಸು ಮಾಡೋರು ಬೇರೆ ಕಡೆ ಕೆಲ್ಸ ನೋಡ್ಕೊಳ್ಳಿ ಅನ್ನುತ್ತಾರೆ, ಅವತ್ತು ಮಧ್ಯಾಹ್ನ ಅವಸರ ಮಾಡಿದರು, ಏನಮ್ಮಾ ಬೋರ್ಡು ಇನ್ನೂ ಖಾಲಿ, ನಾನು ಸಹಿ ಹಾಕಿದೆ, ಸಂಜೆ ಮನೆಗೊಯ್ದು ಉಳಿದದ್ದನ್ನು ಸೀಳಿ ಓದಿದರಾಯಿತು ಎಂದು, ಆ ಸಂಜೆಯೇ ಮಾಮ ಬಂದು ಪುಸ್ತಕ ಒಯ್ದರು. ಟಕ್. ಎರಡನೆಯ ಕಿಟಕಿ.

ಹಾಗಾದರೆ ಅವರಿಗೆ ಗೊತ್ತಾಗಿದೆ. ಮನೆಗೆ ಹೋಗಿ ಅರವತ್ತೈದನೆಯ ಪುಟ ತಿರುವಿದಾಗಲೇ ಗೊತ್ತಾಗಿರಬೇಕು, ಸೀಳದ ಪುಟವನ್ನು ಯಾರು ಓದಿರುತ್ತಾರೆ, ಒಂದು ತಿಂಗಳು ಅದನ್ನು ಇಟ್ಟುಕೊಂಡು ಏನೂ ಅನ್ನಲಿಲ್ಲ, ಡಬ್ಬಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು ತೆರೆದೆ, ನನ್ನ ಸಹಿ ಅಲ್ಲೇ ಇದೆ, ದುಂಡಗೆ, ನಾಚಿಕೆಯಿಲ್ಲದೆ, ಅರವತ್ತೈದರಿಂದ ಮುಂದೆ ಅವರ ಕೈ, ನನ್ನದಕ್ಕಿಂತ ನೇರ, ಗಾಜು ಕೊಯ್ದ ಕೈಯಲ್ಲವೇ, ತೊಂಬತ್ತರ ಹತ್ತಿರ ಸೀಳು ಸ್ವಲ್ಪ ವಾಲುತ್ತದೆ, ನೂರರ ನಂತರ ಅಂಚು ಬಿಟ್ಟು ಒಳಗೆ ಬರುತ್ತದೆ, ಅಕ್ಷರಗಳನ್ನು ಕೊಯ್ದುಕೊಂಡು ಹೋಗುತ್ತದೆ, ಒಂದು ಸಾಲು ಉದ್ದಕ್ಕೂ ಎರಡು ಹೋಳಾಗಿದೆ, ಇದು ಓದಲಿಕ್ಕೆ ಸೀಳಿದ್ದಲ್ಲ, ಅವರಿಗೆ ಆಗ ಕಾಣುತ್ತಿರಲಿಲ್ಲ, ಕಾಣದಿದ್ದಮೇಲೂ ಕತ್ತಲೆಯಲ್ಲಿ ಕೂತು ಒಂದೊಂದೇ ಮಡಿಕೆ ಹುಡುಕಿ ಸೀಳಿದ್ದಾರೆ, ಯಾರಿಗಾಗಿ, ಯಾವುದಕ್ಕಾಗಿ, ಕೊನೆಗೆ ಬಂದು ನಿಂತಿದ್ದಾರೆ. ಕೊನೆಯ ಒಂದು ಮಡಿಕೆ ಹಾಗೇ ಇದೆ. ಅದರ ಬೆನ್ನು ಪುಟ ಖಾಲಿ, ಪುಸ್ತಕದ ಕೊನೆಯ ಮಾತುಗಳೆಲ್ಲ ಒಳಗಿನ ಆ ಎರಡು ಪುಟಗಳಲ್ಲೇ, ಅಂಚು ನವುರಾಗಿ ಉಬ್ಬಿಕೊಂಡು, ಮುಚ್ಚಿದ ರೆಪ್ಪೆಯ ಹಾಗೆ, ಒಳಗೆ ಏನೋ ಇದ್ದು ಈಗಲೋ ಆಗಲೋ ತೆರೆಯುವ ಹಾಗೆ, ಕೈ ತಾನಾಗಿ ಹಿಂದಕ್ಕೆ ಬಂತು. ಟಕ್. ಮೂರನೆಯ ಕಿಟಕಿ, ಅಲ್ಲಿ ಸದ್ದು ನಿಂತಿತು, ದಣಿವಾರಿಸಿಕೊಳ್ಳುತ್ತಿದ್ದಾರೆಯೇ, ಕಿಟಕಿಯ ಗಾಜಿಗೆ ಮುಖ ಹಿಡಿದಿದ್ದಾರೆ, ಒಳಗೆ ನೋಡುತ್ತಿದ್ದಾರೆ, ಛೆ, ಹೇಗೆ ನೋಡುತ್ತಾರೆ, ಆದರೂ ನನ್ನ ಕಡೆಗೇ, ಸರಿಯಾಗಿ ನಾನಿರುವ ಕಡೆಗೇ.

ಎರಡು ಪುಟ, ಎಷ್ಟು ಹೊತ್ತು ಬೇಕು, ಸ್ಕೇಲು ಇಲ್ಲೇ ಇದೆ, ಸೀಳಿ, ಓದಿ, ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಆಯಿತು, ಆ ಮೂರು ವಾಕ್ಯಗಳನ್ನು ಅವರು ಸಾಯುವವರೆಗೆ ಇಟ್ಟುಕೊಳ್ಳುತ್ತಾರೆ, ನನ್ನ ಸಹಿಯೂ ಉಳಿಯುತ್ತದೆ, ಸ್ಕೇಲಿನ ತುದಿ ಮಡಿಕೆಯೊಳಗೆ ಹೋಯಿತು, ತಣ್ಣಗೆ, ಅಷ್ಟರಲ್ಲಿ ನೆನಪಾಯಿತು, ಮಾಮನ ಕನ್ನಡಕದ ಅಂಗಡಿ, ಹತ್ತು ವರ್ಷದ ನಾನು, ಎತ್ತರದ ಸ್ಟೂಲು, ಗೋಡೆಯ ಮೇಲೆ ಅಕ್ಷರದ ಪಟ್ಟಿ, ಮೇಲೆ ದೊಡ್ಡದು ಕೆಳಗೆ ಚಿಕ್ಕದು, ಕ್ಲಾಸಿನಲ್ಲಿ ಸೋಡಾ ಗ್ಲಾಸು ಬಂತು ಸೋಡಾ ಗ್ಲಾಸು ಅಂತ ಕೂಗುತ್ತಿದ್ದರು, ನನಗೆ ತೆಳ್ಳನೆಯ ಗಾಜು ಬೇಕಿತ್ತು, ಮಾಮ ನನಗೆ ಬೆನ್ನು ಮಾಡಿ ಒಂದು ಗಾಜನ್ನು ಒರೆಸುತ್ತಾ ನಿಂತಿದ್ದರು, ಬಹಳ ಹೊತ್ತು, ಬೇಕೆಂದೇ ಬಹಳ ಹೊತ್ತು, ನಾನು ಸ್ಟೂಲಿನಿಂದ ಇಳಿದು ಪಟ್ಟಿಯ ಹತ್ತಿರ ಹೋಗಿ ಕೆಳಗಿನ ಸಾಲು ನೋಡಿಕೊಂಡು ಬಂದು ಕೂತೆ, ಅವರು ತಿರುಗಿದರು, ಕೆಳಗಿನ ಸಾಲು ಓದು, ಗಳಗಳ ಅಂತ ಹೇಳಿದೆ, ಅವರು ನನ್ನನ್ನೇ ನೋಡಿ, ಓದ್ತಾ ಇದ್ದೀಯೋ, ಒಪ್ಪಿಸ್ತಾ ಇದ್ದೀಯೋ ಅಂದರು, ಓದ್ತಾ ಇದ್ದೀನಿ ಮಾಮ, ಸರಿ ಹಾಗಾದ್ರೆ, ನೀನು ಹೇಳಿದ್ದಕ್ಕೆ ಸರಿಯಾಗಿ ಮಾಡಿಕೊಡ್ತೀನಿ. ಮಾಡಿಕೊಟ್ಟರು, ತೆಳ್ಳನೆಯ ಗಾಜು, ಒಂದು ವರ್ಷ ಮನುಷ್ಯರಿಗೆಲ್ಲ ಮುಖವೇ ಇರಲಿಲ್ಲ, ಅಮ್ಮ ಬಾಗಿಲಲ್ಲಿ ನಿಂತರೆ ಒಂದು ಕಲೆ ನಿಂತ ಹಾಗೆ, ಬೇರೆ ಯಾರೋ ಅಮ್ಮನ ಸೀರೆ ಉಟ್ಟು ಬಂದಿದ್ದಾರೆ ಅಂತ ಕಿರುಚಿದ್ದೂ ಉಂಟು, ಮಾಮ ಒಂದು ಮಾತು ಆಡಲಿಲ್ಲ, ನಾನೇ ಹೋಗಿ ಕಾಣ್ಸಲ್ಲ ಅಂತ ಅತ್ತ ದಿನ ಗಾಜು ಬದಲಾಯಿಸಿದರು, ಸರಿಯಾದ ಗಾಜು ಆಗಲೇ ತಯಾರಾಗಿ ಖಾನೆಯಲ್ಲಿತ್ತು, ಇಡೀ ವರ್ಷ ಅಲ್ಲೇ ಇತ್ತು. ಟಕ್. ನಾಲ್ಕನೆಯದು. ಹಾಗಾದರೆ ಇವತ್ತೂ ಅಷ್ಟೇ, ಪುಸ್ತಕವನ್ನು ಡಬ್ಬಿಗೆ ಹಾಕಿ ಸುತ್ತು ಬಳಸಿ ಬರುತ್ತಿರುವುದು ಅದಕ್ಕೇ, ಬೆನ್ನು ಮಾಡಿ ಗಾಜು ಒರೆಸುತ್ತಿದ್ದಾರೆ, ಐದು ಕಿಟಕಿಯಷ್ಟು ಹೊತ್ತು ಕೊಟ್ಟಿದ್ದಾರೆ.

ಐದು. ಸ್ಕೇಲು ಹಿಂದಕ್ಕೆ ಎಳೆದುಕೊಂಡೆ, ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದಿದೆ, ಅಷ್ಟೇ, ದೇವರೇ ಅಷ್ಟೇ ಇರಲಿ, ಬಾಗಿಲು ತೆರೆದುಕೊಂಡಿತು, ಬೆಳಕಿಗೆ ಬೆನ್ನು ಹಾಕಿ ನಿಂತಿದ್ದಾರೆ, ಮುಖವಿಲ್ಲ, ಬರೀ ಕಲೆ, ಇದ್ದೀಯಾ ಪುಟ್ಟಿ, ಇದ್ದೀನಿ ಮಾಮ, ಕೋಲು ಮೇಜಿಗೆ ತಾಗಿತು, ಕೈ ಗಾಳಿಯಲ್ಲಿ ತಡಕಾಡಲಿಲ್ಲ, ನೇರವಾಗಿ ಬಂದು ಪುಸ್ತಕದ ಮೇಲೆ ಕೂತಿತು, ಹೆಬ್ಬೆರಳು ಅಂಚಿನ ಮೇಲೆ ಓಡುತ್ತಿದೆ, ನನ್ನ ಸೀಳು, ಅವರ ನೇರ ಸೀಳು, ಅವರ ಹರಕು ಸೀಳು, ಕೊನೆಗೆ ಬಂದು ನಿಂತಿತು, ಆ ಕೂದಲೆಳೆಯಷ್ಟರ ಮೇಲೆ ಸರಿಯಾಗಿ ನಿಂತಿತು, ಹೇಳು, ಕೊನೇಲಿ ಏನಿದೆ ಅಂದರು, ಓದಿಲ್ಲ ಮಾಮ, ಓದದೇ ಸಹಿ ಹಾಕಿದೆ, ಅರವತ್ತನಾಲ್ಕರಾಚೆ ನಾನೂ ನೋಡಿಲ್ಲ, ಅವರು ನಕ್ಕರೋ ಉಸಿರು ಬಿಟ್ಟರೋ ತಿಳಿಯಲಿಲ್ಲ, ಅದಕ್ಕೇ ಕೊನೇ ಮಡಿಕೆ ಬಿಟ್ಟಿದ್ದು ಅಂದರು, ಎದುರಿನ ಖಾಲಿ ಬೋರ್ಡಿನ ಕಡೆ ಮುಖ ಮಾಡಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕೂತರು, ಅವತ್ತು ಅಂಗಡಿಯ ಸ್ಟೂಲಿನ ಮೇಲೆ ನಾನು ಕೂತ ಹಾಗೇ, ಕೆಳಗಿನ ಸಾಲು ಓದು ಪುಟ್ಟಿ, ಸ್ಕೇಲು ಎತ್ತಿಕೊಂಡೆ, ಮಡಿಕೆಯ ಮೇಲೆ ಅವರ ಹೆಬ್ಬೆರಳು ಇನ್ನೂ ಇದೆ, ಅದರ ಕೆಳಗೆ ಕಾಗದ ಮಿಡುಕಿತು, ನನ್ನ ಸ್ಕೇಲು ತಾಗಿರಬೇಕು, ಇಲ್ಲ, ನನ್ನ ಸ್ಕೇಲು ಇನ್ನೂ ಮುಟ್ಟಿಲ್ಲ, ಮಡಿಕೆ, ಉಬ್ಬಿದ ಅಂಚು, ಮುಚ್ಚಿದ ರೆಪ್ಪೆ, ಕೂದಲೆಳೆಯಷ್ಟು ತೆರೆದ ರೆಪ್ಪೆ —