ಮಗ್ಗುಲಾದ ಜೇಡಿಮಣ್ಣು

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಮೇಲಿರಬೇಕಾದದ್ದು ಕೆಳಗಿತ್ತು, ಕೆಳಗಿರಬೇಕಾದದ್ದು ಮೇಲಿತ್ತು. ತೂರುನ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಗೆರೆಗಳು ಜಾಗ ಬದಲಿಸಲಿಲ್ಲ.

ಟ್ರೋನ್‌ಹೈಮ್‌ನ ಆ ಮಣ್ಣಿನ ಪ್ರಯೋಗಾಲಯದಲ್ಲಿ ಅವಳು ಮೂರು ಚಳಿಗಾಲ ಕಳೆದದ್ದು ಒಂದು ಸರಳ ಸಂಗತಿಯನ್ನು ಗಣಿತದಲ್ಲಿ ಹೇಳುವುದಕ್ಕಾಗಿ. ಹಿಂದೊಮ್ಮೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಜೇಡಿಮಣ್ಣು ಎಲ್ಲ ದಿಕ್ಕಿಗೂ ಒಂದೇ ಬಗೆಯಲ್ಲಿ ತಾಳುವುದಿಲ್ಲ. ಮೇಲಿನಿಂದ ಒತ್ತಿದರೆ ಸೆಟೆದು ನಿಲ್ಲುತ್ತದೆ. ಪಕ್ಕದಿಂದ ಒತ್ತಿದರೆ ಬೇಗ ಸೋಲುತ್ತದೆ. ಇಳಿಜಾರು ಜಾರತೊಡಗಿದಾಗ ನೆತ್ತಿಯ ಮಣ್ಣು ಮೇಲಿನಿಂದ ಒತ್ತಿಸಿಕೊಳ್ಳುತ್ತದೆ, ಬುಡದ ಮಣ್ಣು ಪಕ್ಕದಿಂದ. ಹೀಗಿರುವಾಗ ಇಡೀ ಇಳಿಜಾರಿಗೆ ಒಂದೇ ಬಲವನ್ನು ಹಚ್ಚಿ ಲೆಕ್ಕ ಹಾಕಿದರೆ, ಅದು ಕಾಗದದ ಮೇಲೆ ನಿಂತು ನೆಲದ ಮೇಲೆ ಕುಸಿದೀತು. ತೂರುನ್‌ಳ ಗಣಿತದ ಮಾದರಿ ಯಾವ ದಿಕ್ಕಿಗೆ ಎಷ್ಟು ಬಲವೆಂಬುದನ್ನು ಮುಂಚಿತವಾಗಿ ಹೇಳುತ್ತಿತ್ತು.

ತೊರೆಯ ದಂಡೆಯ ಒಂದು ಶಿಶುವಿಹಾರದ ಕೆಳಗಿನ ಇಳಿಜಾರನ್ನು ಭದ್ರಪಡಿಸಲು ಆ ಮಾದರಿಯನ್ನು ಮೊದಲ ಬಾರಿಗೆ ಬಳಸುವ ಮಾತು ನಡೆದಿತ್ತು. ಸೋಮವಾರ ನಗರಸಭೆಯ ಎಂಜಿನಿಯರರು ಬರುವವರಿದ್ದರು. ಅಲ್ಲಿನ ನೆಲದಿಂದಲೇ ಇಡಿಯಾಗಿ ಕಡಿದು ತಂದ ಜೇಡಿಯ ಅಚ್ಚಿನ ಕೊನೆಯ ತುಂಡು ಮಾದರಿಯ ಮಾತನ್ನು ಒಪ್ಪಬೇಕಿತ್ತು. ಒಪ್ಪದಿದ್ದರೆ ಮೂರು ವರ್ಷದ ಕೆಲಸ ಕಪಾಟು ಸೇರುತ್ತಿತ್ತು.

ತುಂಡು ಒಪ್ಪಿರಲಿಲ್ಲ. ಯಾವ ಕಡೆ ಮೇಲೆಂದು ತೋರಿಸುವ ಬಾಣದ ಗುರುತು ನೋಡಿಕೊಂಡು, ಬಿಗಿದ ತಂತಿಯಿಂದ ಅವಳು ಅದರಲ್ಲಿ ಎರಡು ಉರುಳೆಗಳನ್ನು ಕೊರೆದು ಚೀಟಿ ಅಂಟಿಸಿದ್ದಳು. ಒಂದು ನೆಲದಲ್ಲಿ ಇದ್ದ ಹಾಗೆಯೇ ನಿಂತದ್ದು, ಇನ್ನೊಂದು ಅಡ್ಡಲಾಗಿ ತೆಗೆದು ನಿಲ್ಲಿಸಿದ್ದು. ಒತ್ತಿ ನೋಡಿದಾಗ ನಿಂತದ್ದು ಬೇಗ ಸೋತಿತ್ತು, ಅಡ್ಡದ್ದು ಗಟ್ಟಿಯಾಗಿ ತಾಳಿತ್ತು.

ಪ್ರಯೋಗಾಲಯ ನೋಡಿಕೊಳ್ಳುವ ಹಾಲ್ವಾರ್ ಅವಳ ಹೆಗಲ ಮೇಲಿಂದ ಇಣುಕಿದ. ಮೀನುಗಾರರ ಸ್ವೆಟರ್ ತೊಟ್ಟ ಎತ್ತರದ ಆಳು. ಯಂತ್ರಗಳ ಜೊತೆಗೂ ಮಾತಾಡುತ್ತಿದ್ದ.

"ಮಣ್ಣು ನಿನ್ನ ಪ್ರಬಂಧ ಓದಿಲ್ಲ ಅಂತ ಕಾಣ್ಸತ್ತೆ," ಎಂದ.

"ಓದಿದೆ. ತಲೆಕೆಳಗೆ ಹಿಡ್ಕೊಂಡು ಓದಿದೆ. ಚೀಟಿ ಅದಲುಬದಲಾಗಿರ್ಬೇಕು, ಹಾಲ್ವಾರ್. ಬದಲಾಯಿಸಿಬಿಟ್ರೆ ಎಲ್ಲ ಕೂಡತ್ತೆ."

"ಬದಲಾಯ್ಸು. ಮಾದರಿ ಸರಿ ಇದೆ ಅಂತ ಚೀಟಿ ಬದಲಾಯ್ಸು, ಆಮೇಲೆ ಚೀಟಿ ಹಾಗಿದೆ ಅಂತ ಮಾದರಿ ಸರಿ ಅನ್ನು. ನಾಯಿ ಬಾಲ ಹಿಡಿಯೋಕೆ ಸುತ್ತು ಹಾಕಿದ ಹಾಗೆ."

ಅವಳಿಗೆ ಚುರುಕ್ಕೆಂದಿತು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾದರಿಯನ್ನು ಕೇಳದೆ ಮಣ್ಣನ್ನೇ ಕೇಳುವ ದಾರಿ ಬೇಕಿತ್ತು. ದಾರಿ ಇತ್ತು: ಜೇಡಿ ಹಸಿಯಾಗಿರುವಾಗ ಎಲ್ಲ ಬೂದುಬಣ್ಣವೇ, ಅರೆಬರೆ ಒಣಗಿದಾಗ ನುಣ್ಣನೆಯ ಮರಳಿನ ಪದರಗಳು ಬಿಳಿಗೆರೆಗಳಾಗಿ ಮೇಲೇಳುತ್ತವೆ. ನಿಂತ ಉರುಳೆಯಲ್ಲಿ ಆ ಗೆರೆಗಳು ಅಡ್ಡಕ್ಕಿದ್ದರೆ ಚೀಟಿ ಸರಿ, ಮಾದರಿ ತಪ್ಪು; ಉದ್ದಕ್ಕಿದ್ದರೆ ತಪ್ಪು ಚೀಟಿಯದು. ಅಡ್ಡಕ್ಕೆ ಕಂಡರೆ ಸೋಮವಾರದ ಸಭೆಯನ್ನು ತಾನೇ ರದ್ದು ಮಾಡುವೆನೆಂದು, ಒಣಗಿಸಲು ಇಡುವ ಮುಂಚೆಯೇ ಅವಳು ಹಾಲ್ವಾರ್‌ಗೆ ಹೇಳಿಬಿಟ್ಟಳು. ಆಮೇಲೆ ತನಗೆ ತಾನೇ ನೆಪ ಹೇಳಿಕೊಳ್ಳಲು ಎಡೆ ಇರಬಾರದಲ್ಲ.

ಸೋತ ಉರುಳೆಗಳನ್ನು ಉದ್ದಕ್ಕೆ ಸೀಳಿ ಕಿಟಕಿಯ ಬಳಿ ಇಟ್ಟಳು. ಮೇ ತಿಂಗಳ ಬಿಸಿಲು ಚೆನ್ನಾಗಿಯೇ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಅಡ್ಡ ತೆಗೆದ ಉರುಳೆಯಲ್ಲಿ, ಉದ್ದಕ್ಕಿರಬೇಕಾದ ಗೆರೆಗಳು ಮಸುಕಾಗಿ ಅಡ್ಡಕ್ಕೆ ಮೂಡಿದವು. ನಿಂತ ಉರುಳೆಯಲ್ಲಿ ಮಾತ್ರ ಏನೂ ಮೂಡಲಿಲ್ಲ, ಬೋಳು ಬೂದುಬಣ್ಣ. ಅವಳು ಬಸ್ಸಿನಲ್ಲಿ ಮನೆಗೆ ಹೋಗುತ್ತಾ ಆ ಬೋಳುತನವನ್ನೇ ಯೋಚಿಸಿದಳು. ಪದರಗಳು ಉರುಳೆಯ ಉದ್ದಕ್ಕೆ ನಿಂತಿದ್ದು, ತಂತಿ ಅವುಗಳ ನಡುವೆಯೇ ಸರಿದುಹೋಗಿದ್ದರೆ? ಪುಸ್ತಕದ ಎರಡು ಹಾಳೆಗಳ ನಡುವೆ ಚಾಕು ಹಾಯಿಸಿದರೆ ಪುಟದ ಅಂಚು ಕಾಣುವುದಿಲ್ಲ.

ಮರುದಿನ, ಶುಕ್ರವಾರ, ಎಲ್ಲರಿಗಿಂತ ಮುಂಚೆ ಬಂದು, ನಿಂತ ಉರುಳೆಯ ಉಳಿದ ಅರ್ಧವನ್ನು ಕಾಲು ಸುತ್ತು ತಿರುಗಿಸಿ, ಮತ್ತೊಂದು ತೆಳ್ಳನೆಯ ಹೋಳು ಸೀಳಿ ಬಿಸಿಲಿಗಿಟ್ಟಳು. ಊಟದ ಬಿಡುವು ಬರುವ ತನಕ ಅತ್ತ ಸುಳಿಯಬಾರದೆಂದು ಕೈಕಟ್ಟಿ ಕೂತಳು.

ಬಿಡುವಿನಲ್ಲಿ ವಾಫಲ್ ಸುಡುವುದು ಶುಕ್ರವಾರದ ಪದ್ಧತಿ, ಹಿಟ್ಟು ಕಲಸುವುದು ಹಾಲ್ವಾರ್‌ನ ಹಕ್ಕು. ಊಟದ ಕೋಣೆಯ ಫ್ರಿಜ್ ತುಂಬಿರುತ್ತಿದ್ದುದರಿಂದ ಹಿಟ್ಟಿನ ಪಾತ್ರೆ ಮಣ್ಣಿಡುವ ಶೀತಲ ಕೋಣೆಯಲ್ಲಿ ಕೂರುತ್ತಿತ್ತು. ಆಹಾರ ಇಡಕೂಡದೆಂಬ ಫಲಕ ಬಾಗಿಲ ಮೇಲಿತ್ತು, ಬರೆದವನೂ ಹಾಲ್ವಾರ್‌ನೇ.

ಅವನು ಪಾತ್ರೆ ಹಿಡಿದು ಹೊರಬರುವಾಗ ತೂರುನ್ ಕಿಟಕಿಯ ಬಳಿ ನಿಂತಿದ್ದಳು. ಹೋಳಿನ ಮೇಲೆ ಬಿಳಿಯ ಗೆರೆಗಳು, ಬಾಚಿದ ಕೂದಲಿನಂತೆ, ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿದಿದ್ದವು.

"ಉದ್ದಕ್ಕಿದೆ," ಎಂದಳು ಮೆಲ್ಲಗೆ. "ಇದು ನಿಂತದ್ದಲ್ಲ, ಮಲಗಿದ್ದು. ಆದ್ರೆ ನಾನು ಬಾಣ ನೋಡ್ಕೊಂಡೇ ಕೊರೆದದ್ದು."

ಹಾಲ್ವಾರ್ ಹೋಳನ್ನು ನೋಡಿದ, ಕೈಯಲ್ಲಿದ್ದ ಪಾತ್ರೆಯನ್ನು ನೋಡಿದ. ಅವನ ಕಿವಿ ನಿಧಾನವಾಗಿ ಕೆಂಪಾಯಿತು.

"ಬಾಣ ಪ್ಲಾಸ್ಟಿಕ್ ಹಾಳೆ ಮೇಲಿತ್ತು, ಅಲ್ವಾ?"

"ಹೌದು."

"ಹೋದ ಶುಕ್ರವಾರ ಅದ್ರ ಮೇಲೆ ಹಿಟ್ಟು ಚೆಲ್ತು. ಹಾಳೆ ಬಿಚ್ಚಿ ಹೊಸದು ಸುತ್ತಿದೆ. ಬಾಣಾನೂ ಬರ್ದೆ, ನೀಟಾಗಿ. ಯಾವ ಮಗ್ಗುಲು ಮೇಲಿತ್ತು ಅಂತ ನೆನಪಿದೆ ಅಂದ್ಕೊಂಡಿದ್ದೆ."

ತೂರುನ್ ಸಿಟ್ಟಾಗಬೇಕೆಂದು ಪ್ರಯತ್ನಿಸಿದಳು. ನಗು ಮುಂಚೆ ಬಂತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನೊಂದಿಗೆ ಇಳಿದುಹೋಯಿತು. ಮಣ್ಣು ಮಾದರಿಯನ್ನು ಒಪ್ಪಿತ್ತು. ಅದಕ್ಕಿಂತ ದೊಡ್ಡ ಸಮಾಧಾನವೆಂದರೆ, ಒಪ್ಪದಿದ್ದರೂ ಒಪ್ಪಲಿಲ್ಲವೆಂದು ಅದು ಹೇಳಿಯೇ ಹೇಳುತ್ತಿತ್ತು, ತಾನೂ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಚೀಟಿಗಳನ್ನು ಬದಲಿಸಿ, ಬದಲಿಸಿದ್ದೇಕೆಂದು ಕೆಳಗೆ ಬರೆದು, ಹೋಳುಗಳ ಚಿತ್ರ ಜೋಡಿಸಿ, ನಗರಸಭೆಗೆ ಕಳಿಸಿದಳು. ಹಿಟ್ಟು ಎಂಬ ಪದವನ್ನು ಬಿಡುವಂತೆ ಹಾಲ್ವಾರ್ ಬೇಡಿಕೊಂಡ; ಅವಳು ಬಿಡಲಿಲ್ಲ. ಶಿಶುವಿಹಾರದ ಕೆಳಗೆ, ಇಳಿಜಾರಿನ ಬುಡದಲ್ಲಿ, ಹಳೆಯ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಕಲ್ಲು ತುಂಬಬೇಕಾಗುತ್ತಿತ್ತು. ತುಂಬಿದ ಮೇಲೆ ಮಕ್ಕಳು ನಿಶ್ಚಿಂತೆಯಿಂದ ಕುಣಿಯಬಹುದಿತ್ತು.

ಮೊದಲ ವಾಫಲ್ ಅವಳ ತಟ್ಟೆಗೇ ಬಿತ್ತು, ಹುಳಿಕೆನೆ, ಸ್ಟ್ರಾಬೆರಿ ಜ್ಯಾಮ್ ಸಮೇತ. ತಿಂದಾದ ಮೇಲೆ ಅವಳು ಶೀತಲ ಕೋಣೆಗೆ ಹೋಗಿ, ಇನ್ನೊಂದು ಊರಿನಿಂದ ಬಂದಿದ್ದ ಅಚ್ಚುಗಳ ಹಾಳೆ ಬಿಚ್ಚಿ, ಪ್ರತಿಯೊಂದರ ನೆತ್ತಿಗೂ ಒಂದು ಹಲ್ಲುಕಡ್ಡಿ ಚುಚ್ಚಿ, ಮತ್ತೆ ಸುತ್ತಿಟ್ಟಳು. ಹೊರಬರುವ ಮುಂಚೆ ಹಿಟ್ಟಿನ ಖಾಲಿ ಪಾತ್ರೆಯ ಮೇಲೂ ಒಂದು ಬಾಣ ಬರೆದಳು, ಮೇಲ್ಮುಖವಾಗಿ.