ಗುಳ್ಳವ್ವನ ಜೋಳ

ಮಸ್ಕಿಯ ಹಳ್ಳದ ಓಣಿಯಲ್ಲಿ ಆ ವರ್ಷ ಆಷಾಢ ಹಿಡಿದಾಗ ಹುಡುಗಿಯರ ಬಾಯಲ್ಲಿ ಒಂದೇ ಮಾತು: ಆಡು. ಹೋಳಿಗೆಯಲ್ಲ, ಹಸಿರು ಬಳೆಯಲ್ಲ, ಆಡು! ಈಗಷ್ಟೇ ಮರಿ ಹಾಕಿದ, ಕೆಚ್ಚಲು ತುಂಬಿದ ಒಂದು ಆಡನ್ನು ಕೊಳ್ಳಬೇಕು, ಕೊಂಡು ಪೀರಮ್ಮನ ಮನೆಯ ಗೂಟಕ್ಕೆ ಕಟ್ಟಬೇಕು. ಈ ಹುಚ್ಚು ಮೊದಲು ಹತ್ತಿದ್ದು ಗಾಳೆಮ್ಮನಿಗೆ. ಹದಿನಾಲ್ಕು ತುಂಬಿ ಹದಿನೈದಕ್ಕೆ ಬಿದ್ದ ಹುಡುಗಿ. ಮಾತಿನಲ್ಲಿ ಮುಂದು, ಹಟದಲ್ಲಿ ಅದಕ್ಕಿಂತ ಮುಂದು. ಏನಾದರೂ ಒಮ್ಮೆ ಅವಳ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಹಡೆದವ್ವ ಆದಮ್ಮನೇ ಕೈ ಮುಗಿದು ಸುಮ್ಮನಾಗುತ್ತಿದ್ದಳು.

ಆಡು ಬೇಕಾಗಿದ್ದುದು ಯಂಕಮ್ಮನ ಕೂಸಿಗೆ. ಯಂಕಮ್ಮ ಪೀರಮ್ಮನ ಒಬ್ಬಳೇ ಮಗಳು. ಹಿಂದಿನ ವರ್ಷ, ಮದುವೆಯಾದ ಹೊಸತರಲ್ಲಿ, ಆಷಾಢಕ್ಕೆಂದು ತವರಿಗೆ ಬಂದವಳು ಇದೇ ಹುಡುಗಿಯರ ಮುಂದೆ ನಿಂತು ಹಾಡು ಎತ್ತಿಕೊಟ್ಟಿದ್ದಳು. ಅಂಥ ಕಂಠ ಓಣಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಈ ವರ್ಷ ಹೆರಿಗೆಗೆ ಬಂದಳು. ನಿಜಾಮರ ಆಳಿಕೆ ಅದು, ದವಾಖಾನೆ ಅಂದರೆ ಲಿಂಗಸುಗೂರಿಗೆ ಎತ್ತಿನ ಬಂಡಿ ಹೂಡಬೇಕು. ಯಂಕಮ್ಮನನ್ನು ಹೊತ್ತ ಬಂಡಿ ಅರ್ಧ ದಾರಿಯಿಂದಲೇ ತಿರುಗಿ ಬಂತು. ಉಳಿದದ್ದು ಅಂಗೈಯಗಲದ ಒಂದು ಹೆಣ್ಣುಕೂಸು. ಅದರಪ್ಪ, ಬಳಗಾನೂರಿನ ತಾಯಪ್ಪ, ಬಂದು ಬಾಗಿಲಲ್ಲಿ ನಿಂತು ನೋಡಿ, ತುಂಗಭದ್ರೆಗೆ ಕಟ್ಟೆ ಕಟ್ಟುವ ಕೆಲಸಕ್ಕೆ ಹೋದವನು ತಿರುಗಿ ಸುದ್ದಿಯಿಲ್ಲ.

ಮೊದಮೊದಲು ಓಣಿಯ ಬಾಣಂತಿಯರು ಸರತಿಯ ಮೇಲೆ ಕೂಸಿಗೆ ಮೊಲೆ ಕೊಟ್ಟರು. ಅವರಲ್ಲೊಬ್ಬಳ ಸ್ವಂತ ಕೂಸಿಗೆ ಜ್ವರ ಬಂದದ್ದೇ ತಡ, ಹಡೆದವ್ವನನ್ನು ನುಂಗಿದ ಕೂಸು ಇದು, ಇದರ ಬಾಯಿ ಒಳ್ಳೆಯದಲ್ಲ ಎಂದು ಮಾತು ಹಬ್ಬಿತು. ಅಯ್ಯೋ, ಆ ಓಣಿಯ ಹೆಂಗಸರ ನಾಲಿಗೆಗೆ ಏನು ಹೇಳುವುದು! ಒಬ್ಬೊಬ್ಬರೇ ಸೆರಗು ಬಿಗಿದುಕೊಂಡರು. ಪಕ್ಕದ ಮನೆಯ ಲಾಲ್‌ಬೀ ಒಬ್ಬಳು ತನ್ನ ಎಮ್ಮೆಯ ಹಾಲನ್ನು ದಿನಾ ತಂದು ಕೊಟ್ಟಳು, ಪ್ರತಿಯಾಗಿ ಏನೂ ಕೇಳಲಿಲ್ಲ. ಆಮೇಲೆ ಎಮ್ಮೆಯೇ ಬತ್ತಿತು.

ಆಗ ಗಾಳೆಮ್ಮನಿಗೆ ಹೊಳೆದದ್ದು ಗುಳ್ಳವ್ವನ ಜೋಳ. ಆಷಾಢದ ಮಂಗಳವಾರ ಬಂತೆಂದರೆ ಹುಡುಗಿಯರು ಹಳ್ಳದ ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಾರೆ. ಮೈಗೆ ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸಿ, ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋಗಿ ಹಾಡಿ ಜೋಳ ಎತ್ತುತ್ತಾರೆ. ಕಡೆಯ ಮಂಗಳವಾರ ಗುಳ್ಳವ್ವನನ್ನು ಹಳ್ಳಕ್ಕೆ ಕಳಿಸಿ, ಕೂಡಿದ ಜೋಳ ಮಾರಿ, ಬೇಳೆ ಬೆಲ್ಲ ತಂದು ಹೋಳಿಗೆ ಮಾಡಿ ಉಣ್ಣುವುದು. ಅಲ್ಲಿಯ ತನಕ ಆ ಜೋಳ ಗುಳ್ಳವ್ವನದು, ಒಂದು ಕಾಳನ್ನೂ ಯಾರೂ ಮುಟ್ಟುವಂತಿಲ್ಲ.

"ಈ ವರ್ಷ ಹೋಳಿಗಿ ಬ್ಯಾಡ. ಯಂಕಕ್ಕನ ಕೂಸಿಗೆ ಆಡು ತರೋಣು," ಎಂದಳು ಗಾಳೆಮ್ಮ. ಒಬ್ಬಳಾದರೂ ಬೇಡವೆನ್ನಲಿಲ್ಲ.

ಗುರುಗುಂಟಾ ಕಡೆಯ ಕುರುಬ ಕನಕರಾಯ ಗುಡ್ಡದ ಬುಡದಲ್ಲಿ ಹಟ್ಟಿ ಹಾಕಿದ್ದ. ಹುಡುಗಿಯರು ದಂಡು ಕಟ್ಟಿಕೊಂಡು ಹೋಗಿ ಮಾತಾಡಿದರು. ಅವನು ನಕ್ಕ.

"ಚೀಲ ತುಂಬ ಜ್ವಾಳ ತರ್ರಿ, ಆಡು ಮರಿ ಎರಡೂ ಹೊಡ್ಕೊಂಡ್ ಹೋಗ್ರಿ. ಗುಳ್ಳವ್ವನ ಕಳಿಸೋ ದಿನ ನಾನs ಹಳ್ಳಕ್ಕ ಹೊಡ್ಕೊಂಡ್ ಬರ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ ಅವರ ತಿರುಗಾಟ. ಹಿಂದೆಲ್ಲ ತಮ್ಮ ಓಣಿಗಷ್ಟೇ ಹೋಗುತ್ತಿದ್ದವರು ಈಗ ಇಡೀ ಊರು ಸುತ್ತಿದರು. ಕೆಸರಿನಲ್ಲಿ ಕಾಲು ಹೂತು, ಮಳೆಯಲ್ಲಿ ಮೈ ನೆನೆದು, ಗಂಟಲು ಹರಿಯುವ ಹಾಗೆ ಹಾಡಿದರು. ಅಂಗಡಿಯ ವಿರೂಪಾಕ್ಷಪ್ಪ ದೊಡ್ಡ ಚೇಷ್ಟೆಯ ಮನುಷ್ಯ. "ಏನ್ ಬೇ, ಗುಳ್ಳವ್ವ ಯಾವಾಗಿಂದ ಆಡು ಕಾಯಾಕತ್ತ್ಯಾಳ?" ಎಂದು ಕಾಡಿಸಿ, ಕಡೆಗೆ ಪುಟ್ಟಿಯೊಳಗೆ ಜೋಳ ಸುರಿಸಿದ. ಕೂಸಿಗೆ ಎದೆ ಕೊಡಲೊಲ್ಲದ ಹೆಂಗಸರೂ ಮೊರದ ತುಂಬ ತಂದು ಹಾಕಿದರು. ಗಾಳೆಮ್ಮನ ಮನೆಯ ಪಡಸಾಲೆಯಲ್ಲಿ ಚೀಲ ವಾರ ವಾರಕ್ಕೂ ಎತ್ತರವಾಯಿತು. ದಾರಿಯಲ್ಲಿ ಕಂಡವರು "ಗಾಳೆವ್ವನ ಆಡು ಎಲ್ಲಿಗೆ ಬಂತು?" ಎಂದು ಕೇಳುವರು. ಗಾಳೆಮ್ಮನ ಎದೆ ಉಬ್ಬುತ್ತಿತ್ತು. ಉಬ್ಬಬಾರದೇ? ಅಷ್ಟು ವಯಸ್ಸಿಗೆ ಊರಿಗೂರೇ ಹೆಸರು ಹಿಡಿದು ಕರೆದರೆ ಯಾರಿಗೆ ಹಿಗ್ಗಾಗುವುದಿಲ್ಲ?

ಮೂರನೆಯ ಮಂಗಳವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪೀರಮ್ಮ ಬಂದಳು. ಕೂಸು ತೋಳಲ್ಲಿ ಮಲಗಿತ್ತು. ಅವಳು ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತಳು. ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದ ಗಟ್ಟಿ ಹೆಂಗಸು, ಕೂಸು ಬಂದಾಗಿನಿಂದ ಮನೆ ಬಿಡಲಾಗದೆ ಸೊರಗಿ ಹೋಗಿದ್ದಳು.

"ಗಾಳೆವ್ವ, ಒಂದ್ ಬೊಗಸಿ ಜ್ವಾಳ ಕೊಡ ಯವ್ವಾ. ಕನಕರಾಯನ ಹೇಣ್ತಿ ಎಲ್ಡು ಸಲ ಪುಗಸಟ್ಟೆ ಹಾಲು ಕೊಟ್ಲು. ಮತ್ತ ಮತ್ತ ಹೆಂಗ್ ಕೇಳ್ಲಿ? ಬೊಗಸಿ ಜ್ವಾಳಕ್ಕ ಒಂದ್ ಬಟ್ಲ ಹಾಲು ಕೊಡ್ತಾಳಂತ. ಗಂಜಿ ತಿಳಿ ಹಾಕಿದ್ರ ಕೂಸು ವಾಂತಿ ಮಾಡ್ಕೊಳ್ಳಾಕತ್ತೈತಿ."

ಗಾಳೆಮ್ಮ ಚೀಲದ ಕಡೆ ನೋಡಿದಳು. ಚೀಲದ ಬಾಯಿಗೆ ಇನ್ನೂ ಒಂದು ಗೇಣು ಕಡಿಮೆಯಿತ್ತು.

"ದೊಡ್ಡವ್ವ, ಅದು ಗುಳ್ಳವ್ವನ ಜ್ವಾಳ. ಕಳಿಸೋಕಿಂತ ಮೊದ್ಲ ಮುಟ್ಟಿದ್ರ ಆಕಿ ಸಿಟ್ಟಾಗ್ತಾಳ, ಕೂಸಿಗೇ ಕೆಟ್ಟ ಆದೀತು. ಇನ್ನೊಂದು ಮಂಗಳಾರ ತಡಿ. ಬಟ್ಲ ಹಾಲು ಯಾಕ, ಆಡನ್ನs ತಂದು ನಿನ್ನ ಬಾಗಿಲಿಗೆ ಕಟ್ತೀವಿ."

"ಆಡು ಬಾಳ ದೊಡ್ಡದಾತವ್ವಾ. ನಮಗ ಬಟ್ಲ ಸಾಕಾಗಿತ್ತು," ಎಂದಳು ಪೀರಮ್ಮ. ಬೈಯಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಹೋದಳು.

ಗೆಳತಿ ತಿಮ್ಮವ್ವ ಅಲ್ಲೇ ಗುಲಗಂಜಿ ಆರಿಸುತ್ತ ಕೂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ.

"ಒಂದ್ ಬೊಗಸಿ ಕೊಟ್ರ ನಿಂದೇನ್ ಗಂಟು ಹೋಗ್ತಿತ್ತು ಬೇ? ಗುಳ್ಳವ್ವೇನು ಕನಸಿನಾಗ ಬಂದು ಲೆಕ್ಕ ಕೇಳ್ತಾಳೇನು?"

"ಇವತ್ತು ಬೊಗಸಿ, ನಾಳಿಗೆ ಬೊಗಸಿ. ಚೀಲ ಯಾವಾಗ ತುಂಬಬೇಕು? ಆಡು ಬಂದ್ರ ದಿನಾ ಹಾಲು. ತಿಳೀತೈತೇನ್ ನಿನಗ?"

"ನನಗ ತಿಳಿಯೋದು ಇಷ್ಟs. ಹಸಿವು ಇವತ್ತಾಗೈತಿ."

ಗಾಳೆಮ್ಮ ಸಿಟ್ಟಿನಿಂದ ಮುಖ ತಿರುಗಿಸಿದಳು. ಅವಳಿಗೆ ದೇವಿಯ ಹೆದರಿಕೆ ಇದ್ದದ್ದು ಸುಳ್ಳಲ್ಲ, ತಮ್ಮನೊಬ್ಬ ಸಣ್ಣವನಿದ್ದಾಗ ಮುಡಿಪಿನ ಕಾಳು ತಿಂದು ಹಾಸಿಗೆ ಹಿಡಿದಿದ್ದನೆಂದು ಆದಮ್ಮ ಹೇಳುತ್ತಲೇ ಇರುತ್ತಿದ್ದಳು. ಆದರೆ ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು. ಕೊರಳಿಗೆ ಹಗ್ಗ ಕಟ್ಟಿದ ಆಡನ್ನು ಊರ ನಡುವೆ ಎಳೆದುಕೊಂಡು ಬರುವ ಆ ಗಳಿಗೆಯನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ಕಂಡಿದ್ದಳೋ! ಬೊಗಸೆ ಬೊಗಸೆ ಕೊಟ್ಟು ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಕಲ್ಲೆದೆಯವಳೇನಲ್ಲ ಪಾಪ. ಮರುದಿನವೇ ಮನೆಯ ಗಡಿಗೆಯಿಂದ ಜೋಳ ಕದ್ದು ಲಂಗದ ಉಡಿಯಲ್ಲಿ ಕಟ್ಟಿಕೊಂಡು ಪೀರಮ್ಮನಿಗೆ ಕೊಟ್ಟು ಬಂದಳು. ಎರಡನೆಯ ಸಲ ಆದಮ್ಮನ ಕೈಗೆ ಸಿಕ್ಕಳು. ಮಳೆಗಾಲ, ಜೋಳ ತುಂಬಿದ ನೆಲದೊಳಗಿನ ಹಗೆಯ ಬಾಯಿ ತೆಗೆಯುವಂತಿಲ್ಲ, ಗಡಿಗೆಯಲ್ಲಿದ್ದದ್ದೇ ಮನೆಮಂದಿಗೆಲ್ಲ. ಆದಮ್ಮ ಚೆನ್ನಾಗಿ ಝಾಡಿಸಿ ಗಡಿಗೆಯನ್ನು ಅಟ್ಟಕ್ಕೇರಿಸಿದಳು. ಆಮೇಲೆ ಉಳಿದದ್ದು ಪಡಸಾಲೆಯ ಮೂಲೆಯ ಆ ಚೀಲವೊಂದೇ.

ಸೋಮವಾರ ಸಂಜೆ ಗಾಳೆಮ್ಮ ಕೂಸನ್ನು ನೋಡಲು ಹೋದಳು. ಕೂಸು ಅಳುತ್ತಿರಲಿಲ್ಲ. ಅಳದಿರುವುದನ್ನು ನೋಡಿ ಹುಡುಗಿಗೆ ಸಮಾಧಾನವೇ ಆಯಿತು. ಏನು ತಿಳಿಯಬೇಕು ಅವಳಿಗೆ! ಕಿರುಬೆರಳನ್ನು ತುಟಿಗೆ ತಾಗಿಸಿದಳು. ಕೂಸು ಚೀಪಲು ನೋಡಿ ಅರ್ಧಕ್ಕೇ ಬಿಟ್ಟಿತು.

"ನಾಳಿಗೆ ಆಡು ಬರ್ತೈತಿ ನನ್ನವ್ವಾ. ಇದೊಂದಿನ ತಡ್ಕೋ," ಎಂದು ಅದರ ಕಿವಿಯಲ್ಲಿ ಹೇಳಿದಳು. ಪೀರಮ್ಮ ಒಲೆಯ ಮುಂದೆ ಕೂತವಳು ತಿರುಗಿಯೂ ನೋಡಲಿಲ್ಲ. ಮನೆಗೆ ಬಂದು ಗಾಳೆಮ್ಮ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಟ್ಟಿದ ಹುರಿ ಬಿಚ್ಚಿದಳು, ಕೈ ಒಳಗಿಟ್ಟಳು. ಕಾಳು ತಣ್ಣಗಿದ್ದವು. ನಾಳೆಯೇ ಮಂಗಳವಾರವಲ್ಲವೇ, ಇಷ್ಟು ದಿನ ಕಾದು ಈಗ ಕೆಡಿಸುವುದೇ ಎಂದುಕೊಂಡು ಬರಿಗೈ ಹೊರತೆಗೆದು ಹುರಿಯನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು.

ಕಡೆಯ ಮಂಗಳವಾರದ ಪದ್ಧತಿಯೇ ಬೇರೆ. ಅವತ್ತು ಹಾಡಿಲ್ಲ. ಹುಡುಗಿಯರು ಉಪವಾಸವಿದ್ದು, ಗುಳ್ಳವ್ವ ನಮ್ಮನ್ನು ಬಿಟ್ಟು ಹೊರಟಳೆಂದು, ಸತ್ತವರ ಮನೆಯಲ್ಲಿ ಅಳುವಂತೆ ಬಾಯಿ ಬಡಿದುಕೊಂಡು ಸುಳ್ಳುಸುಳ್ಳೇ ಅಳುತ್ತ ಬೀದಿ ಹಿಡಿಯುತ್ತಾರೆ. ಹೆಂಗಸರು ಬಾಗಿಲಿಗೆ ಬಂದು ನಕ್ಕು ಜೋಳ ಹಾಕುತ್ತಾರೆ. ಚೆನ್ನಾಗಿ ಅತ್ತವರಿಗೆ ಹೆಚ್ಚು ಜೋಳ. ಗಾಳೆಮ್ಮ ಮಣೆ ಹೊತ್ತು ಮುಂದೆ ನಡೆದಳು, ಉಳಿದವರು ಬಾಯಿಗೆ ಸೆರಗು ಒತ್ತಿ ನಗು ತಡೆಯುತ್ತ ಕೂಗಿದರು. ಇಬ್ಬರು ಹುಡುಗಿಯರು ಚೀಲವನ್ನು ಕೋಲಿಗೆ ಕಟ್ಟಿ ಹೊತ್ತಿದ್ದರು. ತಿಮ್ಮವ್ವ ಮಾತ್ರ ಇರಲಿಲ್ಲ, ಪೀರಮ್ಮನನ್ನು ಹಳ್ಳಕ್ಕೆ ಕರೆತರುತ್ತೇನೆಂದು ಹೋಗಿದ್ದಳು.

ವಿರೂಪಾಕ್ಷಪ್ಪನ ಮನೆಯ ಮುಂದೆ ಅವಳು ಓಡುತ್ತ ಬಂದು ಗಾಳೆಮ್ಮನ ತೋಳು ಹಿಡಿದಳು.

"ಕೂಸು ಹೋತು ಬೇ. ಮುಂಜಾಲೆ ಎಬ್ಬಸಾಕ ಹೋದ್ರ ತಣ್ಣಗಾಗಿತ್ತಂತ."

ಗಾಳೆಮ್ಮನ ಬಾಯಿಂದ ಹೊರಟ ಕೂಗು ಆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿತು. ಹೊತ್ತ ಗುಳ್ಳವ್ವನನ್ನು ನಡುದಾರಿಯಲ್ಲಿ ಇಳಿಸುವಂತಿಲ್ಲ. ಎರಡೂ ಕೈಯಿಂದ ಮಣೆಯನ್ನು ತಲೆಯ ಮೇಲೆ ಹಿಡಿದುಕೊಂಡೇ, ಕಣ್ಣೀರು ಒರೆಸಲು ಕೈಯಿಲ್ಲದೆ, ಅವಳು ಒಂದೇ ಸಮನೆ ಅತ್ತಳು. ಹಿಂದಿದ್ದವರೂ ಒಬ್ಬರಿಂದೊಬ್ಬರು ಸುದ್ದಿ ಕೇಳಿ ಗೊಳೋ ಎಂದರು. ವಿರೂಪಾಕ್ಷಪ್ಪನ ಹೆಂಡತಿ ಮೊರದ ತುಂಬ ಜೋಳ ಹಿಡಿದು ನಗುನಗುತ್ತ ಹೊರಗೆ ಬಂದಳು.

"ಭಲೇ ಹುಡುಗೀ! ಬರ್ರೆ, ಎಲ್ಲಾರೂ ಬಂದು ನೋಡ್ರೆ! ಈ ವರ್ಷ ಹೆಂಗ್ ಅಳಾಕತ್ತಾವ ನೋಡ್ರಿ, ನನ್ನ ಕಣ್ಣಾಗs ನೀರು ಬಂದಾವ!"

"ಖರೇನ ಸತ್ತೈತ್ರೀ ಅತ್ತೀ! ಯಂಕಕ್ಕನ ಕೂಸು ಸತ್ತೈತ್ರೀ!" ಎಂದು ತಿಮ್ಮವ್ವ ಕೂಗಿದಳು.

ವಿರೂಪಾಕ್ಷಪ್ಪನ ಹೆಂಡತಿ ಇನ್ನೂ ಜೋರಾಗಿ ನಕ್ಕಳು. ಅಕ್ಕಪಕ್ಕದವರು ಬಂದರು. ಒಬ್ಬಳು ಹಾಕಿದ್ದು ನೋಡಿ ಇನ್ನೊಬ್ಬಳು ಹಾಕಿದಳು. ಬೇಡ ಬೇಡವೆಂದು ಹುಡುಗಿಯರು ಅಡ್ಡ ಕೈ ಚಾಚಿದರೆ ಅದೂ ಆಟವೇ ಎಂದು ಕೈ ಸರಿಸಿ ಸುರಿದರು. ಯಾವತ್ತೂ ತುಂಬದ ಚೀಲ ಆ ಒಂದು ಬೀದಿಯಲ್ಲೇ ತುಂಬಿ ಹೊರಚೆಲ್ಲಿತು. ಹುಡುಗಿಯರ ಕಾಲ ಬುಡದಲ್ಲಿ ಕೆಸರಿನೊಳಗೆ ಜೋಳ ಬಿದ್ದಿತ್ತು.

ಅಷ್ಟರಲ್ಲಿ ಓಣಿಯಿಂದ ಲಾಲ್‌ಬೀಯ ಗಂಡ ಗುದ್ದಲಿ ಹಿಡಿದು ಬಂದ. ಅವನ ಹಿಂದೆ ಲಾಲ್‌ಬೀ. ಅವಳ ಹಿಂದೆ ಪೀರಮ್ಮ, ಮಗಳ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿದ ಸಣ್ಣ ಗಂಟನ್ನು ಎದೆಗೊತ್ತಿಕೊಂಡು ಬರುತ್ತಿದ್ದಳು. ನಗು ನಿಂತಿತು. ವಿರೂಪಾಕ್ಷಪ್ಪನ ಹೆಂಡತಿ ಬರಿದಾದ ಮೊರವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡಳು. ಪೀರಮ್ಮ ಹುಡುಗಿಯರ ನಡುವೆ ಹಾದು ಹೋದಳು, ಹುಡುಗಿಯರು ಅವಳ ಹಿಂದೆ ನಡೆದರು.

ಹಳ್ಳದ ದಂಡೆಯಲ್ಲಿ ಕನಕರಾಯ ಕಾಯುತ್ತಿದ್ದ. ಕಪ್ಪು ಆಡಿನ ಹಣೆಗೆ ಅರಿಶಿಣ ಹಚ್ಚಿ ತಂದಿದ್ದ ಪುಣ್ಯಾತ್ಮ. ಬರುವವರನ್ನು ನೋಡಿ ತಲೆಯ ರುಮಾಲು ತೆಗೆದ. ಚೀಲವನ್ನು ಮುಂದಿಳಿಸಿದರೆ "ನನಗ ಬ್ಯಾಡ ಯವ್ವಾ, ಬ್ಯಾಡ" ಎಂದು ಹಿಂದೆ ಸರಿದ. ಕೆಚ್ಚಲು ಬಿಗಿದು ಆಡು ಒಂದೇ ಸಮ ಅರಚುತ್ತಿತ್ತು.

ಗಾಳೆಮ್ಮ ಗುಳ್ಳವ್ವನನ್ನು ನೀರಿಗೆ ಬಿಟ್ಟಳು. ಕೈ ಮುಗಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ತೋಡಿದ ಕುಣಿಯ ಪಕ್ಕ ಪೀರಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೊಂಟದಿಂದ ಒಂದು ಹಿತ್ತಾಳೆ ಬಟ್ಟಲು ತೆಗೆದು ಚಾಚಿದಳು.

"ಹಿಂಡವ್ವಾ."

ಗಾಳೆಮ್ಮ ಆಡಿನ ಹಿಂದೆ ಕೂತಳು. ಮೊದಲ ಹಾಲು ಮಣ್ಣಿಗೆ ಬಿತ್ತು, ಆಮೇಲೆ ಬಟ್ಟಲಿಗೆ ಬಿತ್ತು. ನೊರೆಹಾಲು. ಪೀರಮ್ಮ ಬೆರಳು ಅದ್ದಿ ಕೂಸಿನ ತುಟಿಗೆ ಹಚ್ಚಿದಳು. ಹಾಲು ಒಳಗೆ ಹೋಗದೆ ಗಲ್ಲದ ಮೇಲೆ ಇಳಿಯಿತು. ಸೆರಗಿನಿಂದ ಅದನ್ನು ಒರೆಸಿ, ಕೂಸನ್ನು ತಾನೇ ಕುಣಿಯಲ್ಲಿ ಮಲಗಿಸಿದಳು. ಮಣ್ಣು ಮುಚ್ಚಿದ ಮೇಲೆ ಅರ್ಧ ಬಟ್ಟಲು ಹಾಲನ್ನು ಅದರ ಮೇಲೆ ಎರೆದಳು.

ಗಾಳೆಮ್ಮ ಅವಳ ಕಾಲ ಮೇಲೆ ಬಿದ್ದಳು. "ಬೊಗಸಿ ಜ್ವಾಳ ಕೊಡಬೇಕಾಗಿತ್ತು ದೊಡ್ಡವ್ವ. ಅವತ್ತs ಕೊಡಬೇಕಾಗಿತ್ತು."



"ಹೌದವ್ವಾ," ಎಂದಳು ಪೀರಮ್ಮ. "ಕೊಡಬೇಕಾಗಿತ್ತು."

ಆಮೇಲೆ ಅವಳನ್ನು ತೋಳು ಹಿಡಿದು ಎಬ್ಬಿಸಿ ಕೂರಿಸಿ, ಉಳಿದ ಹಾಲಿನ ಬಟ್ಟಲನ್ನು ಅವಳ ಬಾಯಿಗೆ ಹಿಡಿದಳು.

"ಮುಂಜಾಲಿಂದ ಉಪಾಸ ಅದೀ. ಕುಡಿ."

ಒಲ್ಲೆನೆನ್ನುವ ಧೈರ್ಯ ಗಾಳೆಮ್ಮನಿಗೆ ಆಗಲಿಲ್ಲ. ಬಿಕ್ಕುತ್ತಲೇ ಕುಡಿದಳು. ಹಾಲು ಇನ್ನೂ ಬೆಚ್ಚಗಿತ್ತು.